ಕಿರುತೆರೆಗೆ ಇಳಿದ ಕಣ್ಕಟ್ಟಿನ ಗೆರೆಗಳು

ಟಿ.ವಿ. ಧಾರಾವಾಹಿ ನೋಡುವಾಗ ನಮ್ಮ ಗಮನವೆಲ್ಲ ಕತೆಯ ಮೇಲೆ, ಪಾತ್ರಧಾರಿಗಳ ಮೇಲೆ. ಅವರ ಬೆನ್ನ ಹಿಂದಿನ ಗೋಡೆ, ಕಾಲಡಿಯ ನೆಲ, ನಾಯಕಿಯ ಕೋಟಿನ ಗೆರೆ ಎಲ್ಲಿಂದ ಬಂದವು ಎಂದು ಕೇಳುವವರು ಕಡಿಮೆ. 1960ರ ದಶಕದ ಬ್ರಿಟಿಷ್ ಪತ್ತೇದಾರಿ ಧಾರಾವಾಹಿ ‘ದಿ ಅವೆಂಜರ್ಸ್’ ಮಟ್ಟಿಗೆ ಇದಕ್ಕೆ ಉತ್ತರ ಸಿಗುವುದು ಅಂದಿನ ಚಿತ್ರಕಲೆಯಲ್ಲಿ.

ಬ್ರಿಜೆಟ್ ರೈಲಿ ಎಂಬ ಬ್ರಿಟಿಷ್ ಕಲಾವಿದೆ ಆ ದಿನಗಳಲ್ಲಿ ಬರೆಯುತ್ತಿದ್ದುದು ಬರೀ ಕಪ್ಪು-ಬಿಳುಪು ಚಿತ್ರಗಳನ್ನು. ಗೆರೆ, ಚೌಕ, ವೃತ್ತ ಬಿಟ್ಟರೆ ಅವುಗಳಲ್ಲಿ ಬೇರೇನೂ ಇಲ್ಲ. ಆದರೆ ಎರಡು ನಿಮಿಷ ದಿಟ್ಟಿಸಿದರೆ ಸಾಕು, ಚಿತ್ರ ಅಲೆಯಾಗಿ ಅಲುಗಾಡತೊಡಗುತ್ತದೆ! ಕಣ್ಣನ್ನೇ ಏಮಾರಿಸುವ ಈ ಕಲೆಗೆ ‘ಆಪ್ ಆರ್ಟ್’ ಎಂದು ಹೆಸರಾಯಿತು. 1965ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ವಸ್ತುಸಂಗ್ರಹಾಲಯ ಇದಕ್ಕೆಂದೇ ದೊಡ್ಡ ಪ್ರದರ್ಶನ ಏರ್ಪಡಿಸಿತು.

ಅದೇ ವರ್ಷ ‘ಅವೆಂಜರ್ಸ್’ಗೆ ಎಮ್ಮಾ ಪೀಲ್ ಪಾತ್ರದಲ್ಲಿ ಡಯಾನಾ ರಿಗ್ ಬಂದರು. ಉಡುಪಿನ ಹೊಣೆ ಜಾನ್ ಬೇಟ್ಸ್ ಅವರದು. ಗೆರೆಗೆರೆಯ ಬಟ್ಟೆ ಟಿ.ವಿ.ಗೆ ಒಗ್ಗದು ಎಂಬುದು ಆಗಿನ ನಂಬಿಕೆ. ಅದರಲ್ಲಿ ಹುರುಳಿಲ್ಲದಿಲ್ಲ. ಟಿ.ವಿ. ಚಿತ್ರ ಮೂಡುವುದೇ ಅಡ್ಡಗೆರೆಗಳಿಂದ; ಆ ಚಾನೆಲ್‌ನಲ್ಲಿ ಆಗ ಇದ್ದುದು 405 ಗೆರೆ. ಬಟ್ಟೆಯ ಸಣ್ಣ ಗೆರೆಗಳು ಇವುಗಳೊಂದಿಗೆ ಹೆಣೆದುಕೊಂಡರೆ ಚಿತ್ರ ಮಿಣಮಿಣ ಎನ್ನುತ್ತದೆ. ಹಳೆಯ ಟಿ.ವಿ.ಯಲ್ಲಿ ಗೆರೆಯಂಗಿ ತೊಟ್ಟವರನ್ನು ನೋಡಿದವರಿಗೆ ಇದು ಗೊತ್ತು. ಬೇಟ್ಸ್ ಮಾತ್ರ ಆಪ್ ಆರ್ಟ್ ವಿನ್ಯಾಸದ ಕಪ್ಪು-ಬಿಳುಪು ಕೋಟುಗಳನ್ನೇ ಹೊಲಿಸಿದರು. ಬಣ್ಣವಿಲ್ಲದ ಪುಟ್ಟ ಪರದೆಗೆ ಬಣ್ಣವೇ ಬೇಡದ ಕಲೆ ಹೇಳಿ ಮಾಡಿಸಿದಂತಿತ್ತು. ಆ ಉಡುಪುಗಳು ‘ಅವೆಂಜರ್ಸ್’ ಹೆಸರಿನಲ್ಲೇ ಅಂಗಡಿಗೂ ಬಂದವು.

ಉಡುಪಿಗಿಂತ ದೊಡ್ಡ ಸಾಹಸ ನಡೆದದ್ದು ಸೆಟ್ಟಿನಲ್ಲಿ. 1966ರಲ್ಲಿ ಪ್ರಸಾರವಾದ ‘ದಿ ಹೌಸ್ ದಟ್ ಜ್ಯಾಕ್ ಬಿಲ್ಟ್’ ಕಂತಿನಲ್ಲಿ ಎಮ್ಮಾ ಹಳೆಯ ಮನೆಯೊಂದಕ್ಕೆ ಬರುತ್ತಾಳೆ. ಒಳಗೆ ಹೋದರೆ ಅದು ಮನೆಯಲ್ಲ, ಯಂತ್ರ! ಯಾವ ಹಾದಿ ಹಿಡಿದರೂ ಹೊರಟಲ್ಲಿಗೇ ಮರಳುತ್ತಾಳೆ. ಆಕೆಯ ಬುದ್ಧಿ ಕೆಡಿಸುವುದೇ ಆ ಮನೆಯ ಉದ್ದೇಶ. ಇಲ್ಲಿ ವಿನ್ಯಾಸ ಕತೆಯ ಹಿಂದೆ ನಿಂತ ಅಲಂಕಾರವಲ್ಲ; ಖಳನಾಯಕನೇ ಅದು. ಕ್ಯಾನ್‌ವಾಸ್ ನೋಡುಗನ ಕಣ್ಣಿಗೆ ಮಾಡುತ್ತಿದ್ದುದನ್ನು ಸೆಟ್ಟು ಪಾತ್ರದ ಮನಸ್ಸಿಗೆ ಮಾಡಿತು.

ಅದೇ 1966ರಲ್ಲಿ ಅಮೆರಿಕದಲ್ಲಿ ಶುರುವಾದ ‘ಬ್ಯಾಟ್‌ಮನ್’ ಧಾರಾವಾಹಿಯದು ಇನ್ನೊಂದು ಹಾದಿ. ಹೊಡೆದಾಟದ ನಡುವೆ ‘ಪೌ!’, ‘ಝಾಪ್!’ ಅಕ್ಷರಗಳು ಪರದೆಯ ತುಂಬ ಸಿಡಿಯುತ್ತಿದ್ದವು. ಕಾಮಿಕ್ಸ್ ಚಿತ್ರಗಳನ್ನು ಕ್ಯಾನ್‌ವಾಸಿಗೆ ಏರಿಸಿ ರಾಯ್ ಲಿಚ್ಟೆನ್‌ಸ್ಟೈನ್‌ರಂಥ ‘ಪಾಪ್ ಆರ್ಟ್’ ಕಲಾವಿದರು ಆಗಲೇ ಹೆಸರು ಮಾಡಿದ್ದರು. ಆ ಧೋರಣೆಯನ್ನೇ ಟಿ.ವಿ. ಎತ್ತಿಕೊಂಡಿತು.

ಬಣ್ಣ ಬಂದಾಗ ‘ಅವೆಂಜರ್ಸ್’ ಕೂಡ ಬದಲಾಯಿತು. ಅಮೆರಿಕದ ಮಾರುಕಟ್ಟೆಗಾಗಿ 1967ರ ಕಂತುಗಳು ವರ್ಣದಲ್ಲಿ ತಯಾರಾದವು. ತಮಾಷೆಯೆಂದರೆ, ಬ್ರಿಟನ್ನಿನ ವೀಕ್ಷಕರು ಅವನ್ನೂ ಕಪ್ಪು-ಬಿಳುಪಿನಲ್ಲೇ ನೋಡಬೇಕಾಯಿತು. ಆ ಚಾನೆಲ್‌ಗೆ ಬಣ್ಣ ಬಂದದ್ದು 1969ರಲ್ಲಿ!

ಈ ಕೊಡುಕೊಳ್ಳುವಿಕೆಯಲ್ಲಿ ಕಲಾವಿದರಿಗೆ ದಕ್ಕಿದ್ದೇನು? ನ್ಯೂಯಾರ್ಕ್ ಪ್ರದರ್ಶನಕ್ಕೆ ಹೋದ ರೈಲಿ ಅಂಗಡಿಗಳ ಗಾಜಿನ ಹಿಂದೆ ಕಂಡದ್ದು ತಮ್ಮ ಚಿತ್ರಗಳ ವಿನ್ಯಾಸವನ್ನೇ ಹೊತ್ತ ಉಡುಪುಗಳನ್ನು. ನ್ಯಾಯಾಲಯಕ್ಕೆ ಹೋಗೋಣವೆಂದರೆ ಅಂಥ ನಕಲನ್ನು ತಡೆಯುವ ಕಾನೂನಿನ ಬಲ ಅಲ್ಲಿ ಸಿಗಲಿಲ್ಲ. ‘ಅವೆಂಜರ್ಸ್’ ಆಕೆಯ ಯಾವ ಚಿತ್ರವನ್ನೂ ಕದ್ದಿತು ಎನ್ನಲಾಗದು. ಅದು ಪಡೆದದ್ದು ಗಾಳಿಯಲ್ಲಿದ್ದ ಶೈಲಿಯನ್ನು. ಗ್ಯಾಲರಿಯ ಮೆಟ್ಟಿಲು ಹತ್ತದ ಲಕ್ಷಾಂತರ ಮಂದಿಗೆ ಹೊಸ ಕಲೆಯ ರುಚಿ ಹತ್ತಿಸಿದ್ದೂ ಅದೇ ಟಿ.ವಿ. ಆದರೆ ಹೀಗೆ ಮನೆಮನೆ ತಲುಪಿದ ಗೆರೆಗಳು ಬೇಗನೆ ‘ಫ್ಯಾಷನ್’ ಎನಿಸಿಕೊಂಡವು. ಫ್ಯಾಷನ್ ಹಳತಾಯಿತು. ಅದು ಹೋದ ಮೇಲೂ ಅದೇ ಗೆರೆಗಳೊಂದಿಗೆ ದುಡಿಯುತ್ತ ಉಳಿದವರು ರೈಲಿ.