ಚೊಚ್ಚಲ ಮೊಟ್ಟೆಗೆ ಮುನ್ನ

ಬೆಂಗಳೂರಿನಿಂದ ತುಮಕೂರಿನತ್ತ ಹೆದ್ದಾರಿಯಲ್ಲಿ ಸಾಗುವವರಿಗೆ ದಾಬಸ್‌ಪೇಟೆಯ ಬಳಿ ಶಿವಗಂಗೆಯ ಬೆಟ್ಟವು ದರ್ಶನವೀಯುತ್ತದೆ. ಅಲ್ಲಿಯ ಗಂಗಾಧರೇಶ್ವರನಿಗೆ ಲೇಪಿಸಿದ ತುಪ್ಪವು ಬೆಣ್ಣೆಯಾಗುವುದೆಂದು ಭಕ್ತರ ನಂಬಿಕೆ. ತಪ್ಪಲಿನ ಹಿತ್ತಿಲುಗಳಲ್ಲಿಯೂ ಒಂದು ಪವಾಡ ನಡೆಯುತ್ತಲೇ ಇರುತ್ತದೆ: ಸುಣ್ಣದ ಕಲ್ಲು ಕೋಳಿಯ ಒಡಲನ್ನು ಹೊಕ್ಕು ಮೊಟ್ಟೆಯ ಚಿಪ್ಪಾಗಿ ಹೊರಬರುತ್ತದೆ!

ಒಂದು ಚಿಪ್ಪಿಗೆ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಬೇಕು. ಆದುದರಿಂದ ಮೊಟ್ಟೆಯಿಡುವ ಹೇಂಟೆಯ ಆಹಾರದಲ್ಲಿ ನೂರಕ್ಕೆ ಮೂರೂವರೆಯಿಂದ ನಾಲ್ಕು ಪಾಲು ಕ್ಯಾಲ್ಸಿಯಂ ಇರಬೇಕಾಗುತ್ತದೆ. ಹಾಗೆಂದು ಅದನ್ನೇ ಎಳೆಯ ಹೇಂಟೆಗೂ ತಿನ್ನಿಸಿದರೆ ಉಪಕಾರಕ್ಕೆ ಬದಲು ಅಪಕಾರವಾದೀತು. ಬೆಳೆಯುವ ಹಕ್ಕಿಗೆ ನೂರಕ್ಕೆ ಒಂದು ಪಾಲು ಸಾಕು. ಮಿಕ್ಕುದನ್ನು ಹೊರದೂಡಲು ಹೆಣಗಿ ಅದರ ಮೂತ್ರಪಿಂಡಗಳು ಕೆಡುತ್ತವೆ. ಮೊಟ್ಟೆಯಿಡಲು ಎರಡು ವಾರಗಳಿರುವಾಗ, ಎಂದರೆ ಹದಿನಾರನೆಯ ವಾರದ ಸುಮಾರಿಗೆ, ಸುಣ್ಣದ ಅಂಶವನ್ನು ಹೆಚ್ಚಿಸತೊಡಗಬೇಕು. ಆಗ ಹಕ್ಕಿಯು ತನ್ನ ಎಲುಬುಗಳ ಒಳಗೇ ಕ್ಯಾಲ್ಸಿಯಮ್ಮಿನ ಉಗ್ರಾಣವನ್ನು ಕಟ್ಟಿಕೊಳ್ಳುತ್ತದೆ.

ಧಾನ್ಯದಲ್ಲಿರುವ ರಂಜಕದ ಬಹುಭಾಗವು ಫೈಟೇಟ್ ಎಂಬ ರೂಪದಲ್ಲಿ ಬಂಧಿತವಾಗಿದ್ದು ಕೋಳಿಗೆ ದಕ್ಕುವುದಿಲ್ಲ. ಫೈಟೇಸ್ ಎಂಬ ಕಿಣ್ವವನ್ನು ಬೆರೆಸಿದರೆ ಆ ಬೀಗವು ಸಡಿಲುತ್ತದೆ. ಇನ್ನು ಕಡಲೆಕಾಯಿ ಹಿಂಡಿಯ ವಿಷಯ. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಮಿಕ್ಕಿ ಟರ್ಕಿ ಕೋಳಿಗಳು ಸತ್ತುದು ಬೂಷ್ಟು ಹಿಡಿದ ಇಂತಹ ಹಿಂಡಿಯಿಂದಲೇ. ಅಫ್ಲಟಾಕ್ಸಿನ್ ಎಂಬ ವಿಷವು ಬೆಳಕಿಗೆ ಬಂದುದು ಆ ದುರಂತದಿಂದ. ವಿಷವನ್ನು ಹೀರುವ ಜೇಡಿಯಂತಹ ಪುಡಿಗಳು ಈಗ ದೊರೆಯುತ್ತವೆ, ನಿಜ. ಆದರೆ ಹಿಂಡಿಯನ್ನು ಒಣಗಿದೆಡೆಯಲ್ಲಿ ಇರಿಸುವುದಕ್ಕೆ ಪುಡಿಯ ಖರ್ಚೇ ಇಲ್ಲ.

ಪಟ್ಟಣದ ಗೃಹಿಣಿಯರು ಗಮನಿಸಬೇಕಾದುದು ಬೇರೊಂದಿದೆ. 1950ರ ಸುಮಾರಿಗೆ ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ ಸ್ಟೋಕ್‌ಸ್ಟಾಡ್ ಮತ್ತು ಜೂಕ್ಸ್ ಎಂಬ ವಿಜ್ಞಾನಿಗಳು, ಆರಿಯೊಮೈಸಿನ್ ತಯಾರಿಸಿ ಉಳಿದ ಚರಟವನ್ನು ತಿಂದ ಮರಿಗಳು ಬೇಗನೆ ಬೆಳೆಯುವುದನ್ನು ಕಂಡರು. ಬಿ12 ಜೀವಸತ್ವವನ್ನು ಅರಸಹೋದವರಿಗೆ ಸಿಕ್ಕಿದುದು ಇದು! ಅಂದಿನಿಂದ ರೋಗವಿಲ್ಲದ ಕೋಳಿಗೂ ದಿನವೂ ಔಷಧಿ. ಅಲ್ಪ ಪ್ರಮಾಣದ ಔಷಧಿಗೆ ಸಾಯದ ಕ್ರಿಮಿಗಳು ಅದಕ್ಕೆ ಒಗ್ಗಿಕೊಂಡು, ಮನುಷ್ಯನಿಗೆ ಅದೇ ಔಷಧಿ ಬೇಕಾದಾಗ ಮಣಿಯುವುದಿಲ್ಲ. ಯುರೋಪಿನ ಒಕ್ಕೂಟವು 2006ರಿಂದ ಈ ಪದ್ಧತಿಯನ್ನೇ ನಿಷೇಧಿಸಿತು. ಆಸ್ಪತ್ರೆಯಲ್ಲಿ ಕೊನೆಯ ಅಸ್ತ್ರವೆನಿಸಿದ ಕೊಲಿಸ್ಟಿನ್ನನ್ನು ಪಶುಪಕ್ಷಿಗಳ ಆಹಾರಕ್ಕೆ ಬೆರೆಸದಂತೆ ಭಾರತ ಸರಕಾರವು 2019ರ ಜುಲೈಯಲ್ಲಿ ಆಜ್ಞೆ ಹೊರಡಿಸಿತು.

ಈಗ ಅದರ ಸ್ಥಾನಕ್ಕೆ ಹಿತಕರ ಜೀವಾಣುಗಳು, ಸಾವಯವ ಆಮ್ಲಗಳು, ಬೆಳ್ಳುಳ್ಳಿ, ಅರಿಸಿನ ಮೊದಲಾದವು ಬಂದಿವೆ. ಕೆಲವು ಉಪಯುಕ್ತವೇ, ಆದರೆ ಚೀಲದ ಮೇಲಿನ ಬಣ್ಣನೆಯಷ್ಟು ಎಂದೂ ಅಲ್ಲ. ಒದ್ದೆಯಾದ ನೆಲಹಾಸು, ಕೊಳಕು ನೀರು ಇರುವ ಕೋಳಿಮನೆಯಲ್ಲಿ ಇವುಗಳಿಂದ ಹೆಚ್ಚೇನೂ ಸಾಗದು. ಕೋಳಿ ಸಾಕುವ ಆಸೆಯುಳ್ಳವರಿಗೆ ಹೆಸರಘಟ್ಟದ ಕೇಂದ್ರೀಯ ಕೋಳಿ ಅಭಿವೃದ್ಧಿ ಸಂಸ್ಥೆಯು ತರಬೇತಿಯನ್ನೀಯುತ್ತದೆ. ದಾಬಸ್‌ಪೇಟೆಯವರಿಗೆ ಅದೇನೂ ದೂರವಲ್ಲ.