ಸ್ಟೆಮ್ ಸೆಲ್ ಕಸಿಯ ನಂತರ ಎಚ್ಚರಗೊಳ್ಳುವ ವೈರಸ್‌ಗಳು

ರಕ್ತದ ಕ್ಯಾನ್ಸರ್, ತಲಸ್ಸೀಮಿಯಾದಂಥ ಕಾಯಿಲೆಗಳಿಗೆ ದಾನಿಯ ಸ್ಟೆಮ್ ಸೆಲ್ ಕಸಿ ಮಾಡುವ ಮುನ್ನ ರೋಗಿಯ ಅಸ್ಥಿಮಜ್ಜೆಯನ್ನು ಕಿಮೋಥೆರಪಿಯಿಂದ ಬರಿದುಮಾಡುತ್ತಾರೆ. ಹೊಸ ಕೋಶಗಳು ಎರಡು ಮೂರು ವಾರಗಳಲ್ಲಿ ಬೇರೂರಿದರೂ, ವೈರಸ್‌ಗಳನ್ನು ಹತ್ತಿಕ್ಕುವ ಟಿ ಕೋಶಗಳು ಚೇತರಿಸಿಕೊಳ್ಳಲು ತಿಂಗಳುಗಳೇ ಬೇಕು. ದಾನಿಯ ಕೋಶಗಳು ರೋಗಿಯ ದೇಹದ ಮೇಲೆಯೇ ತಿರುಗಿಬೀಳದಿರಲೆಂದು ಕೊಡುವ ಸೈಕ್ಲೋಸ್ಪೊರಿನ್, ಸ್ಟೆರಾಯ್ಡ್‌ಗಳಿಂದ ಇದು ಇನ್ನೂ ತಡವಾಗುತ್ತದೆ.

ಈ ಅವಧಿಯಲ್ಲಿ ಕಾಡುವ ವೈರಸ್‌ಗಳಲ್ಲಿ ಬಹುಪಾಲು ಹೊರಗಿನಿಂದ ಬಂದವಲ್ಲ, ಎಂದೋ ಮೈಸೇರಿ ಅಡಗಿದ್ದವು. ಮೊದಲ ವಾರಗಳಲ್ಲಿ ಹರ್ಪಿಸ್ ಬಾಯಿಹುಣ್ಣು ತರುತ್ತದೆ. ನಂತರದ್ದು, ಎಲ್ಲಕ್ಕಿಂತ ಹೆಚ್ಚು ಭಯಪಡಬೇಕಾದದ್ದು, ಸೈಟೊಮೆಗಾಲೊವೈರಸ್. ಭಾರತದ ವಯಸ್ಕರಲ್ಲಿ ಬಹುತೇಕ ಎಲ್ಲರ ಮೈಯಲ್ಲೂ ಇದು ಇದೆ. ಆರೋಗ್ಯವಂತರಿಗೆ ಅರಿವಿಗೇ ಬಾರದ ಈ ವೈರಸ್, ಕಸಿಯಾದವರಲ್ಲಿ ಕರುಳು, ಕಣ್ಣು, ಶ್ವಾಸಕೋಶಗಳನ್ನು ಹಿಡಿಯುತ್ತದೆ. ನ್ಯುಮೋನಿಯಾಕ್ಕೆ ತಿರುಗಿದರೆ ರೋಗಿಯನ್ನು ಉಳಿಸಿಕೊಳ್ಳುವುದು ಬಲು ಕಷ್ಟ. ಆದ್ದರಿಂದ ಸುಮಾರು 100 ದಿನಗಳವರೆಗೆ ವಾರಕ್ಕೊಮ್ಮೆ ರಕ್ತದ ಪಿಸಿಆರ್ ಮಾಡಿ, ವೈರಸ್ ಏರತೊಡಗಿದ ಕೂಡಲೇ, ಲಕ್ಷಣ ಕಾಣುವ ಮೊದಲೇ, ಗ್ಯಾನ್ಸಿಕ್ಲೊವಿರ್ ಆರಂಭಿಸುತ್ತಾರೆ. ತೊಡಕೆಂದರೆ, ಈ ಔಷಧ ಆಗತಾನೆ ಚಿಗುರಿದ ಮಜ್ಜೆಯನ್ನೇ ಕುಗ್ಗಿಸುತ್ತದೆ. 2017ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಲೆಟರ್ಮೊವಿರ್‌ಗೆ ಆ ದೋಷವಿಲ್ಲ. ಆದರೆ ಅದು ದುಬಾರಿ.

ಬಿಕೆ ವೈರಸ್ ಮೂತ್ರಕೋಶಕ್ಕೆ ತಗುಲಿದರೆ ಉರಿಯೊಂದಿಗೆ ರಕ್ತ ಹೋಗುತ್ತದೆ. ಮಕ್ಕಳಲ್ಲಿ ಅಡಿನೊವೈರಸ್‌ನ ಕಾಟ ಹೆಚ್ಚು. ಸರ್ಪಸುತ್ತು ತಡೆಯಲು ಅಸೈಕ್ಲೊವಿರ್ ಮಾತ್ರೆಯನ್ನು ಸಾಮಾನ್ಯವಾಗಿ ಒಂದು ವರ್ಷವಾದರೂ ನುಂಗಬೇಕು.

ಬೆಂಗಳೂರಿನಲ್ಲಿ ಕಸಿ ಮಾಡಿಸಿಕೊಂಡು ದಾವಣಗೆರೆಗೋ ಹರಿಹರಕ್ಕೋ ಮರಳಿದವರಿಗೆ ಸುಮಾರು 260 ಕಿ.ಮೀ. ದೂರ ದೊಡ್ಡ ಸವಾಲು. ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಪ್ಯಾರಾಸಿಟಮಾಲ್ ನುಂಗಿ ಬೆಳಗಾಗಲಿ ಎಂದು ಕಾಯುವಂತಿಲ್ಲ. ಚಿಗಟೇರಿ ಜಿಲ್ಲಾ ಆಸ್ಪತ್ರೆಯೋ ಬಾಪೂಜಿ ಆಸ್ಪತ್ರೆಯೋ, ಹತ್ತಿರವಿದ್ದಲ್ಲಿಗೆ ಡಿಸ್‌ಚಾರ್ಜ್ ಸಾರಾಂಶ ಮತ್ತು ಮಾತ್ರೆಗಳ ಪಟ್ಟಿಯೊಂದಿಗೆ ಹೋಗಬೇಕು, ಕಸಿ ಕೇಂದ್ರಕ್ಕೂ ಫೋನ್ ಮಾಡಿಸಬೇಕು. ಮನೆಯಲ್ಲೋ ನೆರೆಯಲ್ಲೋ ಯಾರಿಗಾದರೂ ಅಮ್ಮ, ಅಂದರೆ ಚಿಕನ್‌ಪಾಕ್ಸ್, ಎದ್ದು ರೋಗಿ ಅವರ ಹತ್ತಿರ ಹೋಗಿದ್ದರೆ, ಗುಳ್ಳೆ ಕಾಣುವ ಮುನ್ನವೇ ವೈದ್ಯರಿಗೆ ತಿಳಿಸಬೇಕು.

ಹಿಂದೆ ಹಾಕಿಸಿಕೊಂಡ ಲಸಿಕೆಗಳ ರಕ್ಷಣೆ ಕಸಿಯ ನಂತರ ಕ್ಷೀಣಿಸುವುದರಿಂದ ಎಲ್ಲವನ್ನೂ ಮತ್ತೆ ಮೊದಲಿನಿಂದ ಹಾಕಬೇಕಾಗುತ್ತದೆ. ನಿಷ್ಕ್ರಿಯ ಲಸಿಕೆಗಳು ಮೂರರಿಂದ ಆರು ತಿಂಗಳ ನಂತರ ಆರಂಭವಾದರೆ, ದಡಾರದಂಥ ಜೀವಂತ ಲಸಿಕೆಗೆ ಕನಿಷ್ಠ ಎರಡು ವರ್ಷ ಕಾಯಬೇಕು. ಮನೆಮಂದಿ ಪ್ರತಿವರ್ಷ ಫ್ಲೂ ಲಸಿಕೆ ಹಾಕಿಸಿಕೊಳ್ಳುವುದು ಒಳ್ಳೆಯದು. ಮನೆಯ ಮಗುವಿಗೆ ಪೋಲಿಯೊ ಹನಿ ಹಾಕಿಸುವ ಮೊದಲು ಕಸಿ ವೈದ್ಯರನ್ನು ಕೇಳಬೇಕು. ಹನಿಯಲ್ಲಿರುವ ಜೀವಂತ ವೈರಸ್ ಮಗುವಿನ ಮಲದಲ್ಲಿ ವಾರಗಟ್ಟಲೆ ಹೊರಬೀಳುತ್ತದೆ. ಇಂಥ ಮನೆಗಳಿಗೆ ಚುಚ್ಚುಮದ್ದಿನ ಪೋಲಿಯೊ ಲಸಿಕೆಯೇ ಸುರಕ್ಷಿತ.