‘ವಿಚಿತ್ರ ಕಣ’ಗಳು ಭೂಮಿಯನ್ನು ನುಂಗುತ್ತವೆಯೇ? ಪ್ರಯೋಗದಲ್ಲಿ ಅವು ಹುಟ್ಟುವುದು ಹೀಗೆ

“ಜಿನೀವಾದ ಪ್ರಯೋಗಾಲಯದಲ್ಲಿ ವಿಜ್ಞಾನಿಗಳು ವಿಚಿತ್ರ ಕಣಗಳನ್ನು ಸೃಷ್ಟಿಸುತ್ತಿದ್ದಾರೆ. ಅವು ಕೈತಪ್ಪಿದರೆ ಇಡೀ ಭೂಮಿಯೇ ನಾಶ. ಎಲ್ಲರಿಗೂ ತಿಳಿಸಿ.” ಇಂಥ ಅರ್ಥದ ಸಂದೇಶಗಳು ಆಗಾಗ ವಾಟ್ಸಾಪ್‌ನಲ್ಲಿ ಸುತ್ತುತ್ತವೆ. ಇದರಲ್ಲಿ ಮೊದಲ ವಾಕ್ಯ ನಿಜ, ಎರಡನೆಯದು ಸುಳ್ಳು. ಎರಡನ್ನೂ ಬಿಡಿಸಿ ನೋಡೋಣ.

‘ವಿಚಿತ್ರ’ ಎಂಬ ಹೆಸರು ಏಕೆ?

1947ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ಜಾರ್ಜ್ ರೋಚೆಸ್ಟರ್ ಮತ್ತು ಕ್ಲಿಫರ್ಡ್ ಬಟ್ಲರ್ ಎಂಬ ವಿಜ್ಞಾನಿಗಳು ಬಾಹ್ಯಾಕಾಶದಿಂದ ಬರುವ ಕಾಸ್ಮಿಕ್ ಕಿರಣಗಳ ಜಾಡನ್ನು ಫೋಟೋ ತೆಗೆದು ಪರಿಶೀಲಿಸುತ್ತಿದ್ದರು. ಒಂದು ಫೋಟೋದಲ್ಲಿ ಇಂಗ್ಲಿಷಿನ ‘ವಿ’ ಅಕ್ಷರದಂಥ ಗೆರೆ ಕಾಣಿಸಿತು. ಜಾಡೇ ಬಿಡದ ಹೊಸ ಕಣವೊಂದು ಒಡೆದು ಎರಡಾದ ಗುರುತು ಅದು. ಇಂಥ ಕಣಗಳು ಥಟ್ಟನೆ ಹುಟ್ಟುತ್ತಿದ್ದವು, ಆದರೆ ಒಡೆಯಲು ಲೆಕ್ಕಕ್ಕಿಂತ ಬಹಳ ತಡ ಮಾಡುತ್ತಿದ್ದವು. ಈ ಒಗಟಿನಿಂದಾಗಿಯೇ ಅವಕ್ಕೆ ‘ಸ್ಟ್ರೇಂಜ್’, ಅಂದರೆ ವಿಚಿತ್ರ ಎಂಬ ಹೆಸರು ಬಂತು. ಹೆಸರಿಗೂ ಅಪಾಯಕ್ಕೂ ಸಂಬಂಧವಿಲ್ಲ. ‘ತಡ’ ಎಂದರೂ, ಇವುಗಳಲ್ಲಿ ಹೆಚ್ಚು ಬಾಳುವ ಕಣದ ಸರಾಸರಿ ಆಯುಸ್ಸು ಸೆಕೆಂಡಿನ ಕೋಟಿಯ ಒಂದು ಭಾಗಕ್ಕಿಂತಲೂ ಕಡಿಮೆ.

ಅವು ಹುಟ್ಟುವುದು ಹೇಗೆ?

ನಮ್ಮ ದೇಹ, ಮಣ್ಣು, ನೀರು ಎಲ್ಲದರಲ್ಲೂ ಇರುವ ಪ್ರೋಟಾನ್ ಮತ್ತು ನ್ಯೂಟ್ರಾನ್‌ಗಳು ಅಪ್, ಡೌನ್ ಎಂಬ ಎರಡು ಬಗೆಯ ಕ್ವಾರ್ಕ್‌ಗಳಿಂದ ಆಗಿವೆ. ಸ್ಟ್ರೇಂಜ್ ಕ್ವಾರ್ಕ್ ಮೂರನೆಯ ಬಗೆ, ಇವೆರಡಕ್ಕಿಂತ ಭಾರ. ಅದನ್ನು ಹೊಸದಾಗಿಯೇ ಸೃಷ್ಟಿಸಬೇಕು.

ಸ್ವಿಟ್ಜರ್ಲೆಂಡ್ ಮತ್ತು ಫ್ರಾನ್ಸ್ ಗಡಿಯಲ್ಲಿರುವ ಸರ್ನ್ ಸಂಸ್ಥೆಯ ಲಾರ್ಜ್ ಹ್ಯಾಡ್ರಾನ್ ಕೊಲೈಡರ್ ನೆಲದಡಿಯ 27 ಕಿಲೋಮೀಟರ್ ಸುತ್ತಳತೆಯ ಯಂತ್ರ. ಅಲ್ಲಿ 2010ರಿಂದ ಸೀಸದ ಪರಮಾಣು ಬೀಜಗಳನ್ನು ಬೆಳಕಿನ ವೇಗಕ್ಕೆ ತೀರಾ ಹತ್ತಿರದ ವೇಗದಲ್ಲಿ ಎದುರುಬದುರಾಗಿ ಡಿಕ್ಕಿ ಹೊಡೆಸಲಾಗುತ್ತಿದೆ. ಒಂದೊಂದು ಬೀಜದಲ್ಲೂ 82 ಪ್ರೋಟಾನ್, 126 ನ್ಯೂಟ್ರಾನ್. ಡಿಕ್ಕಿಯಾದ ಜಾಗದಲ್ಲಿ ಕ್ಷಣಮಾತ್ರ ಸೂರ್ಯನ ಗರ್ಭಕ್ಕಿಂತ ಒಂದು ಲಕ್ಷ ಪಟ್ಟು ಹೆಚ್ಚು ಬಿಸಿ. ಆಗ ಪ್ರೋಟಾನ್, ನ್ಯೂಟ್ರಾನ್‌ಗಳು ಕರಗಿ, ಒಳಗಿನ ಕ್ವಾರ್ಕ್‌ಗಳೂ ಅವನ್ನು ಅಂಟಿಸಿಟ್ಟಿದ್ದ ಗ್ಲುವಾನ್‌ಗಳೂ ಬೆರೆತ ರಸವಾಗುತ್ತದೆ. ಬ್ರಹ್ಮಾಂಡ ಹುಟ್ಟಿದ ಮೊದಲ ಕೆಲವು ಮೈಕ್ರೋಸೆಕೆಂಡುಗಳಲ್ಲಿ ಎಲ್ಲೆಲ್ಲೂ ಇದ್ದದ್ದು ಇದೇ ರಸ ಎಂಬುದು ವಿಜ್ಞಾನಿಗಳ ತಿಳಿವಳಿಕೆ.

ಈ ರಸದಲ್ಲಿ ಗ್ಲುವಾನ್‌ಗಳು ಪರಸ್ಪರ ಬಡಿದಾಗ ಅವುಗಳ ಶಕ್ತಿಯೇ ದ್ರವ್ಯವಾಗಿ, ಒಂದು ಸ್ಟ್ರೇಂಜ್ ಕ್ವಾರ್ಕ್ ಮತ್ತು ಅದರ ಪ್ರತಿಕಣ ಜೋಡಿಯಾಗಿ ಹುಟ್ಟುತ್ತವೆ. ರಸ ತಣಿಯುವಾಗ ಅವು ಅಕ್ಕಪಕ್ಕದ ಕ್ವಾರ್ಕ್‌ಗಳ ಜತೆ ಸೇರಿ ಕೇಯಾನ್, ಲ್ಯಾಂಬ್ಡಾ, ಒಮೇಗಾದಂಥ ಕಣಗಳಾಗುತ್ತವೆ. ಒಮೇಗಾಕ್ಕೆ ಮೂರು ಸ್ಟ್ರೇಂಜ್ ಕ್ವಾರ್ಕ್‌ಗಳು ಒಟ್ಟಿಗೆ ಸಿಗಬೇಕು. ಮನೆಯ ಸಣ್ಣ ಸಮಾರಂಭದಲ್ಲಿ ಮಂಜುನಾಥ ಎಂಬ ಹೆಸರಿನ ಮೂವರು ಸಿಗುವುದು ಕಷ್ಟ, ಜಾತ್ರೆಯಲ್ಲಿ ಸುಲಭ. ಹಾಗೆಯೇ ಎರಡು ಪ್ರೋಟಾನ್‌ಗಳ ಸಾಮಾನ್ಯ ಡಿಕ್ಕಿಗೆ ಹೋಲಿಸಿದರೆ ಸೀಸದ ಡಿಕ್ಕಿಯಲ್ಲಿ ಒಮೇಗಾದ ಪಾಲು ಎದ್ದು ಕಾಣುವಷ್ಟು ಹೆಚ್ಚು. ಇಂಥ ಹೆಚ್ಚಳವೇ ರಸ ಉಂಟಾದುದರ ಸುಳಿವಾಗಬಹುದು ಎಂದು ಯೋಹಾನ್ ರಫೆಲ್ಸ್ಕಿ ಮತ್ತು ಬೆರ್ನ್ಟ್ ಮ್ಯೂಲರ್ 1982ರಲ್ಲೇ ಹೇಳಿದ್ದರು. ಕಣಗಳು ತುಂಬಾ ಹೆಚ್ಚಾಗಿ ಸಿಡಿಯುವ ಪ್ರೋಟಾನ್ ಡಿಕ್ಕಿಗಳಲ್ಲೂ ಈ ಪಾಲು ಏರುತ್ತದೆ ಎಂದು ಸರ್ನ್‌ನ ಆಲಿಸ್ ತಂಡ 2017ರಲ್ಲಿ ಪ್ರಕಟಿಸಿತು. ಆಲಿಸ್‌ನಲ್ಲಿ ಕೋಲ್ಕತ್ತಾ, ಭುವನೇಶ್ವರದ ಸಂಸ್ಥೆಗಳೂ ಸೇರಿ ಹಲವು ಭಾರತೀಯ ತಂಡಗಳಿವೆ.

ಹಾಗಾದರೆ ಭಯ ಎಲ್ಲಿಂದ ಬಂತು?

ಅಪ್, ಡೌನ್, ಸ್ಟ್ರೇಂಜ್ ಕ್ವಾರ್ಕ್‌ಗಳು ಹೆಚ್ಚುಕಡಿಮೆ ಸಮವಾಗಿ ಸೇರಿದ ‘ಸ್ಟ್ರೇಂಜ್‌ಲೆಟ್’ ಎಂಬ ಉಂಡೆ ಇರಬಹುದು, ಅದು ಮುಟ್ಟಿದ್ದನ್ನೆಲ್ಲ ತನ್ನಂತೆ ಮಾಡಿಕೊಳ್ಳಬಹುದು ಎಂಬ ಊಹೆಯಿಂದ. ಅಂಥ ಉಂಡೆ ಇದುವರೆಗೆ ಎಲ್ಲೂ ಸಿಕ್ಕಿಲ್ಲ. ಅಷ್ಟು ಬಿಸಿಯಲ್ಲಿ ಅದು ರೂಪುಗೊಳ್ಳಲಿ ಎಂದು ಕಾಯುವುದು, ಉರಿಯುವ ಒಲೆಯ ಮೇಲೆ ಬೆಣ್ಣೆ ಗಟ್ಟಿಯಾಗಲಿ ಎಂದು ಕಾದಂತೆ. ಡಿಕ್ಕಿಯ ಒಟ್ಟು ಶಕ್ತಿಯೂ ನೀವು ಒಮ್ಮೆ ಚಪ್ಪಾಳೆ ತಟ್ಟುವ ಶಕ್ತಿಗಿಂತ ಬಹಳ ಕಡಿಮೆ. ಅದು ಅತಿ ಚಿಕ್ಕ ಜಾಗದಲ್ಲಿ ಒತ್ತಾಗಿರುವುದರಿಂದಲೇ ಅಷ್ಟು ಬಿಸಿ.

ಇನ್ನೂ ಗಟ್ಟಿ ಪುರಾವೆ ಆಕಾಶದಲ್ಲೇ ಇದೆ. ಗಾಳಿಯ ಹೊದಿಕೆಯಿಲ್ಲದ ಚಂದ್ರನಿಗೆ 400 ಕೋಟಿಗೂ ಹೆಚ್ಚು ವರ್ಷಗಳಿಂದ ಕಬ್ಬಿಣದಂಥ ಭಾರದ ಬೀಜಗಳಿರುವ ಕಾಸ್ಮಿಕ್ ಕಿರಣಗಳು ನೇರವಾಗಿ ಬಡಿಯುತ್ತಿವೆ. ಚಂದ್ರನಿಗೆ ಏನೂ ಆಗಿಲ್ಲ. ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲೂ 2000ದಲ್ಲಿ ಚಿನ್ನದ ಬೀಜಗಳ ಡಿಕ್ಕಿ ಶುರುವಾಗಿ ದಶಕಗಳೇ ಕಳೆದವು. ಭೂಮಿಗೂ ಏನೂ ಆಗಿಲ್ಲ.

ಫಾರ್ವರ್ಡ್ ಮಾಡುವ ಮುನ್ನ

ಇದನ್ನು ತಮಾಷೆ ಎಂದು ತಳ್ಳಿಹಾಕುವಂತಿಲ್ಲ. 2008ರ ಸೆಪ್ಟೆಂಬರ್‌ನಲ್ಲಿ ಸರ್ನ್‌ನ ಈ ಯಂತ್ರ ಶುರುವಾದಾಗ ನಮ್ಮ ದೇಶದ ಕೆಲವು ಟಿವಿ ವಾಹಿನಿಗಳು ‘ಪ್ರಳಯ’ದ ಸುದ್ದಿ ಬಿತ್ತರಿಸಿದ್ದವು. ಅದನ್ನು ನೋಡಿ ಹೆದರಿದ ಮಧ್ಯಪ್ರದೇಶದ ಹದಿಹರೆಯದ ಹುಡುಗಿಯೊಬ್ಬಳು ಜೀವ ಕಳೆದುಕೊಂಡಳೆಂದು ಆಗ ವರದಿಯಾಗಿತ್ತು. ನಾವು ಒತ್ತುವ ಒಂದು ಫಾರ್ವರ್ಡ್ ಯಾರ ಮನೆಯ ಮಗುವಿನ ಕೈಗೆ ಹೋಗುತ್ತದೋ ನಮಗೆ ಗೊತ್ತಾಗುವುದಿಲ್ಲ.

ಇಂಥ ಸಂದೇಶ ಬಂದರೆ ಮುಂದಕ್ಕೆ ಕಳಿಸಬೇಡಿ. ಕಳಿಸಿದವರಿಗೆ ಇಷ್ಟು ಬರೆದರೆ ಸಾಕು: “ವಿಚಿತ್ರ ಕಣ ನಿಜ, ಆದರೆ ಕಣ್ಣು ಮಿಟುಕಿಸುವುದರೊಳಗೆ ಅದು ಇರುವುದೇ ಇಲ್ಲ. ಪ್ರಳಯದ ಮಾತು ಸುಳ್ಳು. ನಂಬಿಕೆ ಬರದಿದ್ದರೆ ರಾತ್ರಿ ಚಂದ್ರನನ್ನು ನೋಡಿ.”